ಡಿ ಡ್ರೈವ್‌ನಲ್ಲಿಟ್ಟ ನಕಲು ಬ್ಯಾಕಪ್ ಅಲ್ಲ

ಮಾನ್ಯರೇ,

ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲಿನ ಅಳತೆ, ಜಿಡ್ಡಿನಂಶ, ಬಟವಾಡೆಗಳೆಲ್ಲ ಈಗ ಕಂಪ್ಯೂಟರಿನಲ್ಲೇ ದಾಖಲಾಗುತ್ತಿರುವುದು ಸ್ವಾಗತಾರ್ಹ. ಆದರೆ ದುರಸ್ತಿಗೆ ಬರುವ ಯಂತ್ರಗಳನ್ನು ನೋಡಿದಾಗ, ‘ಬ್ಯಾಕಪ್ ಇದೆ’ ಎಂದು ಕಾರ್ಯದರ್ಶಿಗಳು ತೋರಿಸುವುದು ಹಲವು ಸಲ ಅದೇ ಹಾರ್ಡ್ ಡಿಸ್ಕಿನ ಡಿ ಡ್ರೈವ್‌ನಲ್ಲಿರುವ ಒಂದು ಫೋಲ್ಡರನ್ನು. ಇಂಥ ಯಂತ್ರಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನೊಳಗೆ ಮಾಡಿಕೊಂಡ ಪಾಲುಗಳಾದ್ದರಿಂದ, ಡಿಸ್ಕ್ ಕೆಟ್ಟ ದಿನ ಮೂಲವೂ ಪ್ರತಿಯೂ ಒಟ್ಟಿಗೇ ಹೋಗುತ್ತವೆ.

ಕೆಟ್ಟ ಮೇಲೆ ಆಗುವ ಅನಾಹುತ ಇನ್ನೂ ದೊಡ್ಡದು. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಾ ದತ್ತಾಂಶ ಓದಿ ಬರೆಯುವ ಹೆಡ್ ಹಾಳಾದಾಗ, ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡತೊಡಗುತ್ತದೆ. ಆಗ ತಕ್ಷಣ ವಿದ್ಯುತ್ ನಿಲ್ಲಿಸಬೇಕು. ನಮ್ಮವರು ‘ಇನ್ನೊಂದು ಸಲ ನೋಡೋಣ’ ಎಂದು ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆಯ ಕಾಂತೀಯ ಲೇಪನ ಕೆರೆದುಹೋಗುವ ಅಪಾಯ ಹೆಚ್ಚುತ್ತದೆ. ಮುಚ್ಚಳ ಬಿಚ್ಚಿ ಧೂಳು ಕುಡಿಸುವವರೂ, ಯಾರೋ ಹೇಳಿದರೆಂದು ಫ್ರೀಜರಿನಲ್ಲಿಡುವವರೂ ಇದ್ದಾರೆ. ಆ ಬಳಿಕ ಧೂಳುರಹಿತ ಪ್ರಯೋಗಾಲಯಕ್ಕೆ ಕಳಿಸಿ ಸಾವಿರಾರು ರೂಪಾಯಿ ಸುರಿದರೂ ದತ್ತಾಂಶ ಮರಳುವ ಖಾತರಿಯಿಲ್ಲ. ಡಿಸ್ಕ್ ಇನ್ನೂ ಓದುವ ಸ್ಥಿತಿಯಲ್ಲಿದ್ದರೆ, ಮೊದಲು ಡಿಡಿರೆಸ್ಕ್ಯೂನಂಥ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ತೆಗೆದು, ಕಳೆದುಹೋದದ್ದನ್ನು ಹುಡುಕಿ ತೆಗೆಯುವ ಟೆಸ್ಟ್‌ಡಿಸ್ಕ್ ಅಥವಾ ಫೋಟೋರೆಕ್ ತಂತ್ರಾಂಶವನ್ನು ಆ ನಕಲಿನ ಮೇಲೆ ಓಡಿಸುವುದೇ ಸರಿಯಾದ ಕ್ರಮ. ಕೈತಪ್ಪಿ ಅಳಿಸಿದ ಕಡತ ಹಾರ್ಡ್ ಡಿಸ್ಕಿನಲ್ಲಾದರೆ ಅದರ ಜಾಗದಲ್ಲಿ ಬೇರೆಯದು ಬರೆಯುವವರೆಗೂ ಉಳಿದಿರುತ್ತದೆ. ತಟ್ಟೆಗಳಿಲ್ಲದೆ ಚಿಪ್‌ಗಳಲ್ಲೇ ದತ್ತಾಂಶವಿಡುವ ಎಸ್ಎಸ್‌ಡಿಗಳಲ್ಲಿ, ಅಳಿಸಿದ ಜಾಗವನ್ನು ತಾನಾಗಿ ಖಾಲಿ ಮಾಡಿಸುವ ಟ್ರಿಮ್ ವ್ಯವಸ್ಥೆಯ ಕಾರಣ ಆ ಆಸೆಯೂ ಕಡಿಮೆ.

ಆದ್ದರಿಂದ ಸಹಕಾರ ಇಲಾಖೆಯು, ಲೆಕ್ಕಪರಿಶೋಧನೆಯ ವೇಳೆ ‘ಬ್ಯಾಕಪ್ ಇದೆಯೇ’ ಎಂದು ಕೇಳಿ ಸಹಿ ಪಡೆಯುವುದರ ಬದಲು, ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಹಾಕಿಸಿ ಯಾವುದಾದರೂ ಒಂದು ತಿಂಗಳ ಬಟವಾಡೆ ಪಟ್ಟಿ ತೆರೆಯುತ್ತದೆಯೇ ಎಂದು ಪರೀಕ್ಷಿಸುವಂತೆ ಸುತ್ತೋಲೆ ಹೊರಡಿಸಬೇಕು. ಪ್ರತಿ ಸಂಘವೂ ಎರಡು ಹೊರ ಡಿಸ್ಕುಗಳನ್ನು ಸರದಿಯಂತೆ ಬಳಸಿ, ಒಂದನ್ನು ಕಚೇರಿಯ ಹೊರಗೆ ಇರಿಸಬೇಕು. ಕೆಲಸ ಮುಗಿದ ಕೂಡಲೇ ಡಿಸ್ಕನ್ನು ಬಿಡಿಸಿಡುವುದೂ ಅಗತ್ಯ, ಏಕೆಂದರೆ ಕಡತಗಳನ್ನು ತೆರೆಯದಂತೆ ಮಾಡಿ ಹಣ ಕೇಳುವ 2017ರ ವನ್ನಾಕ್ರೈನಂಥ ಸುಲಿಗೆ ವೈರಸ್‌ಗಳು ಜೋಡಿಸಿಟ್ಟ ಡಿಸ್ಕಿಗೂ ಬೀಗ ಜಡಿಯುತ್ತವೆ. ಮಾರ್ಚ್ 31 ವಿಶ್ವ ಬ್ಯಾಕಪ್ ದಿನವೂ ಹೌದು, ನಮ್ಮ ಲೆಕ್ಕಪತ್ರ ವರ್ಷದ ಕೊನೆಯೂ ಹೌದಾದ್ದರಿಂದ ವಾರ್ಷಿಕ ಪ್ರತಿಗೆ ಬೇರೆ ದಿನ ಹುಡುಕಬೇಕಿಲ್ಲ. ಡಿಸ್ಕುಗಳ ಖರ್ಚನ್ನು ಸಾದಿಲ್ವಾರಿನಲ್ಲಿ (ಕಚೇರಿಯ ಸಣ್ಣಪುಟ್ಟ ವೆಚ್ಚದ ಲೆಕ್ಕದಲ್ಲಿ) ತೋರಿಸಬಹುದೇ ಎಂಬ ಕಾರ್ಯದರ್ಶಿಗಳ ಅನುಮಾನವನ್ನೂ ಇಲಾಖೆ ಅದೇ ಸುತ್ತೋಲೆಯಲ್ಲಿ ಬಗೆಹರಿಸಲಿ.

– ಕಂಪ್ಯೂಟರ್ ದುರಸ್ತಿಗಾರ, ಚಿಂತಾಮಣಿ