ಮಡಿಕೇರಿಯ ಆ ಹಿರಿಯರಿಗೆ

ಶನಿವಾರ ಬೆಳಿಗ್ಗೆ ಮಡಿಕೇರಿಯ ಚಹಾ ಅಂಗಡಿಯೊಂದರ ಮುಂದೆ ಮಳೆಯಲ್ಲೇ ಕಾರಿನ ಕೈಪಿಡಿ ತಿರುವಿ ಹಾಕುತ್ತಾ ನಿಂತಿದ್ದವಳು ನಾನು. ಸ್ಟೀರಿಂಗ್ ಹಿಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತ್ತು: ನಡುವೆ ವೃತ್ತ, ಎರಡೂ ಬದಿಗೆ ತುಂಡು ತುಂಡಾದ ಬಾಗಿದ ಗೆರೆಗಳು. ಕೈಪಿಡಿಯಲ್ಲಿ ಅದರ ಚಿತ್ರವಿತ್ತು, ವಿವರಣೆ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮುಂದೆ ಸಂಪಾಜೆ ಘಾಟಿ.

ಕೊಡೆ ಹಿಡಿದು ಬಂದ ನೀವು, "ಏನಾಯಿತಮ್ಮಾ?" ಎಂದು ಕೇಳಿದಿರಿ. ಅದು ಹ್ಯಾಂಡ್‌ಬ್ರೇಕ್ ದೀಪವೆಂದು ನಾನು ಭಾವಿಸಿದ್ದೆ. ಕೆಂಪು ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಹ್ಯಾಂಡ್‌ಬ್ರೇಕ್ ಅಥವಾ ಬ್ರೇಕ್ ಆಯಿಲ್ ಕೊರತೆ; ಗೆರೆಗಳು ತುಂಡಾಗಿದ್ದರೆ ಬ್ರೇಕ್ ಪ್ಯಾಡ್ ಸವೆದಿದೆ ಎಂದರ್ಥ ಎಂದಿರಿ. ಪ್ಯಾಡಿನೊಳಗೊಂದು ಸಣ್ಣ ತಂತಿ ಇರುತ್ತದೆ, ಪ್ಯಾಡ್ ತೆಳುವಾದಾಗ ಅದು ಚಕ್ರದೊಂದಿಗೆ ತಿರುಗುವ ಡಿಸ್ಕಿಗೆ ಉಜ್ಜಿ ದೀಪ ಹೊತ್ತುತ್ತದೆ ಎಂದು ಅಂಗೈಯನ್ನು ಬೆರಳಿನಿಂದ ಉಜ್ಜಿ ತೋರಿಸಿದಿರಿ. ಈ ಎರಡು ಸಾಲನ್ನು ಅಷ್ಟು ದಪ್ಪ ಪುಸ್ತಕದಲ್ಲಿ ಏಕೆ ಬರೆಯಲಿಲ್ಲವೋ! ಜೀವಕ್ಕೆ ಸಂಬಂಧಿಸಿದ ಚಿಹ್ನೆಯನ್ನು ಓದುಗರ ಊಹೆಗೆ ಬಿಡುವುದು ತಪ್ಪು.

"ಈ ಮಳೆಯಲ್ಲಿ ಹೀಗೆಯೇ ಘಾಟಿ ಇಳಿಯಬೇಡಿ" ಎಂದು ತಡೆದು, ನಿಮ್ಮ ಜೀಪಿನಲ್ಲಿ ಮುಂದೆ ಸಾಗಿ ಗ್ಯಾರೇಜಿಗೆ ದಾರಿ ತೋರಿಸಿದಿರಿ. ಬಿಚ್ಚಿ ನೋಡಿದರೆ ಎಡಚಕ್ರದ ಪ್ಯಾಡ್ ಲೋಹದ ತಗಡಿನ ತನಕ ಸವೆಯುವುದರಲ್ಲಿತ್ತು. ಮುಂದಿನ ಎರಡೂ ಚಕ್ರಗಳಿಗೆ ಹೊಸ ಪ್ಯಾಡ್ ಹಾಕಿಸಿದೆ. ಸಂಜೆ, ನೀವು ಹೇಳಿದಂತೆ ಎರಡನೇ ಗೇರಿನಲ್ಲಿ, ಬ್ರೇಕನ್ನು ಒತ್ತಿಹಿಡಿಯದೆ ಎಂಜಿನ್ನಿನ ಹಿಡಿತದಲ್ಲೇ ಇಳಿದೆವು.

ಹೆಸರು ಕೇಳುವಷ್ಟರಲ್ಲಿ ನಿಮ್ಮ ಜೀಪು ತಿರುವಿನಲ್ಲಿ ಮರೆಯಾಗಿತ್ತು. ನಿಮಗೆಂದು ಅಮ್ಮ ತೆಗೆದಿಟ್ಟ ಹಲಸಿನ ಹಪ್ಪಳ ನಮ್ಮ ಕೈಯಲ್ಲೇ ಉಳಿಯಿತು. ನಿಮಗೆ ನಮ್ಮಿಬ್ಬರ ಮನದಾಳದ ಕೃತಜ್ಞತೆಗಳು.