ತೂಕದ ಯಂತ್ರ ಬೀರುವಿನಲ್ಲಿದ್ದರೆ ಥೆರಪಿ ನಡೆಯದು

ಮಾನ್ಯ ಸಂಪಾದಕರೇ,

ಈಟಿಂಗ್ ಡಿಸಾರ್ಡರ್ (ಊಟ, ತೂಕಗಳ ಸುತ್ತ ಬೆಳೆಯುವ ಮಾನಸಿಕ ಕಾಯಿಲೆ) ಕುರಿತು ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದ ಲೇಖನ ಓದಿದೆ. ತೂಕ ಏರುವ ಭಯದಿಂದ ಊಟವನ್ನೇ ತೀರಾ ಕಡಿಮೆ ಮಾಡುವ ಅನೊರೆಕ್ಸಿಯಾ, ಹಿಡಿತ ತಪ್ಪಿ ತಿಂದು ವಾಂತಿ ಮುಂತಾದ ದಾರಿಗಳಿಂದ ಹೊರಹಾಕುವ ಬುಲಿಮಿಯಾಗಳ ಲಕ್ಷಣಗಳನ್ನು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಆದರೆ ಚಿಕಿತ್ಸೆಯ ವಿಷಯಕ್ಕೆ ಬಂದಾಗ ‘ತರಬೇತಿ ಪಡೆದ ಥೆರಪಿಸ್ಟ್ ಬಳಿ ಸಿಬಿಟಿ ಮಾಡಿಸಿಕೊಳ್ಳಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸಿಬಿಟಿ ಎಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಆಲೋಚನೆಯನ್ನೂ ನಡವಳಿಕೆಯನ್ನೂ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ. ಆ ತರಬೇತಿ ಕೊಡುವ ಕೆಲಸದಲ್ಲಿ ಹಲವು ವರ್ಷ ಕಳೆದವಳು ನಾನು. ಓದುಗರು ಆ ಸಾಲನ್ನು ನಂಬಿ ಹೋಗುವ ಮೊದಲು ಒಂದಿಷ್ಟು ತಿಳಿದಿರಲಿ ಎಂದು ಈ ಪತ್ರ.

ಕಲಿಯಲು ಬರುವವರಲ್ಲಿ ಹೆಚ್ಚಿನವರು ಖಿನ್ನತೆ, ಆತಂಕಗಳಿಗೆ ಸಿಬಿಟಿ ಬಳಸಿ ಪಳಗಿದವರೇ. ಅದನ್ನೇ ಇಲ್ಲಿಯೂ ಮಾಡಿದರಾಯಿತು ಎಂದುಕೊಂಡಿರುತ್ತಾರೆ. ಆದರೆ ಈ ಕಾಯಿಲೆಯ ಕಟ್ಟೇ ಬೇರೆ. ಬುಲಿಮಿಯಾವನ್ನು ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. 1981ರಲ್ಲೇ ಅಲ್ಲಿನ ಇನ್ನೊಬ್ಬ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಅದಕ್ಕೆಂದು ಸಿಬಿಟಿಯ ದಾರಿಯೊಂದನ್ನು ಮುಂದಿಟ್ಟರು. ತನ್ನ ಬೆಲೆಯನ್ನೆಲ್ಲ ಮೈಕಟ್ಟು ಮತ್ತು ತೂಕದಿಂದಲೇ ಅಳೆದುಕೊಳ್ಳುವುದು ಈ ಕಾಯಿಲೆಯ ಬೇರು. ಅಲ್ಲಿಂದ ಕಟ್ಟುನಿಟ್ಟಿನ ಪಥ್ಯ, ಪಥ್ಯ ಮುರಿದಾಗ ಹಿಡಿತ ತಪ್ಪಿ ತಿನ್ನುವುದು, ತಿಂದದ್ದನ್ನು ಹೊರಹಾಕುವುದು, ನಾಚಿಕೆ, ಮತ್ತೆ ಇನ್ನಷ್ಟು ಬಿಗಿಯಾದ ಪಥ್ಯ. ಈ ಸುತ್ತನ್ನು ಮೊದಲು ಮುರಿಯುವುದು ಊಟದ ಹೊತ್ತಿನಲ್ಲಿ. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಲಘು ಆಹಾರ, ಉದ್ದನೆಯ ಬಿಡುವು ಇಲ್ಲ. ತಿಂದದ್ದನ್ನು ಆ ಕ್ಷಣವೇ ಡೈರಿಯಲ್ಲಿ ಬರೆಯಬೇಕು, ರಾತ್ರಿ ಕೂತು ನೆನಪಿಸಿಕೊಂಡಲ್ಲ. ವಾರಕ್ಕೊಮ್ಮೆ ಸೆಷನ್ನಿನಲ್ಲೇ ತೂಕ ನೋಡಬೇಕು.

‘ಇದೆಲ್ಲ ಡಯಟೀಷಿಯನ್ ಕೆಲಸವಲ್ಲವೇ ಮೇಡಂ?’ ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ಅವರಿಗೆ ನಾನು ಅಮೆರಿಕದ ಮಿನ್ನೆಸೋಟದಲ್ಲಿ ನಡೆದ ಪ್ರಯೋಗದ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿ ಇರಿಸಿದರು. ಗಟ್ಟಿ ಮನಸ್ಸಿನ ಆ ಹುಡುಗರು ಸಿಡುಕರಾದರು, ಮಂಕಾದರು, ಹಗಲೂ ರಾತ್ರಿ ಊಟದ್ದೇ ಮಾತಾಡಿದರು, ಕೆಲವರು ಅಡುಗೆ ಪುಸ್ತಕ ಕೂಡಿಹಾಕತೊಡಗಿದರು. ಹಸಿದ ಮಿದುಳಿನ ಜತೆ ವಾದ ಮಾಡಿ ಗೆದ್ದ ಥೆರಪಿಸ್ಟ್ ಯಾರೂ ಇಲ್ಲ. ಅದಕ್ಕೇ ಊಟ ಮೊದಲು, ಆಲೋಚನೆ ಆಮೇಲೆ.

ಇನ್ನು ತೂಕದ ಯಂತ್ರದ ವಿಷಯ. ನನ್ನದೇ ತಪ್ಪನ್ನು ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ನಾನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದೆ. ಎದುರಿಗೆ ಕೂತ ಹುಡುಗಿ ತೂಕ ಎಂದ ಕೂಡಲೇ ಅಳುತ್ತಿದ್ದಳು; ‘ಇವತ್ತು ಬೇಡ, ಮುಂದಿನ ವಾರ ನೋಡೋಣ’ ಎನ್ನುತ್ತಿದ್ದೆ. ಆ ಮುಂದಿನ ವಾರ ಬರಲೇ ಇಲ್ಲ. ಒಂದು ಹೊತ್ತು ಸರಿಯಾಗಿ ಊಟ ಮಾಡಿದರೂ ಮೈ ಊದಿಬಿಡುತ್ತದೆ ಎಂಬ ಅವಳ ಭಯವನ್ನು ನಾಲ್ಕು ವಾರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಬಹುದಿತ್ತು. ನಾನು ಆ ಅವಕಾಶವನ್ನೇ ಕಿತ್ತುಕೊಂಡೆ. ಅವಳ ಮೇಲಿನ ಕರುಣೆ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ, ಆ ಅಳು ಎದುರಿಸಲಾಗದ ನನ್ನ ಸಂಕಟವೇ ಅದು. ಥೆರಪಿಸ್ಟ್ ತಾನು ಕಲಿತ ವಿಧಾನದಿಂದ ಹೀಗೆ ಜಾರುವುದನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಗ್ಲೆನ್ ವಾಲರ್ 2009ರಲ್ಲಿ ‘ಥೆರಪಿಸ್ಟ್ ಡ್ರಿಫ್ಟ್’ ಎಂದು ಕರೆದು ಬರೆದದ್ದನ್ನು ಓದಿದಾಗ ನನ್ನ ಬೀರು ನೆನಪಾಯಿತು.

ಕೇಳುವ ಕಿವಿಯೊಂದಿದ್ದರೆ ಸಾಕು ಎನ್ನುವವರಿಗೆ ಕೋಪನ್‌ಹೇಗನ್ನಿನ ಅಧ್ಯಯನವೊಂದಿದೆ. 2014ರಲ್ಲಿ ಪ್ರಕಟವಾದದ್ದು. ಬುಲಿಮಿಯಾ ಇದ್ದ 70 ಮಂದಿಯಲ್ಲಿ ಕೆಲವರಿಗೆ ಎರಡು ವರ್ಷ ಮನೋವಿಶ್ಲೇಷಣೆಯ ಮಾದರಿಯ (ರೋಗಿ ಮನಸ್ಸಿನಲ್ಲಿರುವುದನ್ನು ಮಾತಾಡುತ್ತ ಹೋಗುವ, ಥೆರಪಿಸ್ಟ್ ಹೆಚ್ಚಾಗಿ ಕೇಳುವ) ಥೆರಪಿ, ಉಳಿದವರಿಗೆ ಐದು ತಿಂಗಳಲ್ಲಿ 20 ಸೆಷನ್ ಸಿಬಿಟಿ. ಎರಡು ವರ್ಷದ ಕೊನೆಗೆ ಸಿಬಿಟಿ ಪಡೆದವರಲ್ಲಿ ಶೇ 44ರಷ್ಟು ಮಂದಿ ಅತಿಯಾಗಿ ತಿನ್ನುವುದನ್ನೂ ಹೊರಹಾಕುವುದನ್ನೂ ನಿಲ್ಲಿಸಿದ್ದರು, ಇನ್ನೊಂದು ಗುಂಪಿನಲ್ಲಿ ಶೇ 15. ಶೇ 44 ಎಂದರೆ ಅರ್ಧಕ್ಕಿಂತ ಕಡಿಮೆಯೇ. ಸಿಬಿಟಿಯನ್ನು ಸಂಜೀವಿನಿ ಎಂದು ಮಾರುವವರನ್ನೂ ನಂಬಬೇಡಿ.

ವಿಧಾನವನ್ನು ಕಲಿಸುವುದೇನೂ ಕಷ್ಟವಲ್ಲ. ಐರ್ಲೆಂಡಿನಲ್ಲಿ ಥೆರಪಿಸ್ಟ್‌ಗಳಿಗೆ ಇದನ್ನು ಆನ್‌ಲೈನ್‌ನಲ್ಲೇ ಕಲಿಸಿ ನೋಡಿದರು. ಬೆನ್ನಿಗೆ ನಿಂತು ಸಹಾಯ ಮಾಡುವವರಿದ್ದ ಗುಂಪಿಗೂ ತಾವೇ ಕಲಿತ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನಂಥವರಿಗೆ ಇದು ತುಸು ಮುಖಭಂಗದ ಸುದ್ದಿ, ಆದರೆ ಒಳ್ಳೆಯ ಸುದ್ದಿ. ಕಷ್ಟವಿರುವುದು ಕಲಿತ ಮೇಲೆ, ಬಾಗಿಲು ಹಾಕಿದ ಕೋಣೆಯಲ್ಲಿ. ಆದ್ದರಿಂದ ತರಬೇತಿಯ ಹಣವನ್ನೂ ಸಮಯವನ್ನೂ ಅಲ್ಲಿಗೆ ಹರಿಸಬೇಕು ಎಂಬುದು ನನ್ನ ವಾದ. ರೋಗಿಯ ಒಪ್ಪಿಗೆ ಪಡೆದು ಸೆಷನ್ ರೆಕಾರ್ಡ್ ಮಾಡಬೇಕು, ಸೂಪರ್‌ವೈಸರ್ ಅದನ್ನು ನಿಜವಾಗಿಯೂ ಕೇಳಬೇಕು. ‘ಈ ವಾರ ಸೆಷನ್ ಚೆನ್ನಾಗಿ ಆಯಿತು’ ಎಂಬ ವರದಿಯಲ್ಲಿ ಬೀರು ಕಾಣುವುದಿಲ್ಲ. ಮೊದಲ ನಾಲ್ಕು ವಾರದಲ್ಲಿ ಏನಾದರೂ ಬದಲಾಯಿತೇ ಎಂದು ಕೂತು ಲೆಕ್ಕ ಹಾಕಬೇಕು, ಏಕೆಂದರೆ ಕೊನೆಯ ಫಲಿತಾಂಶದ ಸುಳಿವು ಅಲ್ಲೇ ಸಿಗುತ್ತದೆ. ಪದೇಪದೇ ವಾಂತಿ ಮಾಡಿಕೊಳ್ಳುವವರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ವೈದ್ಯರ ಬಳಿ ಯಾವಾಗ ಕಳಿಸಬೇಕೆಂದು ಗೊತ್ತಿಲ್ಲದವರ ಕೈಗೆ ಇಂಥವರನ್ನು ಒಪ್ಪಿಸುವುದು ಅಪಾಯ.

ಓದುಗರು ಥೆರಪಿಸ್ಟ್ ಬಳಿ ಹೋದಾಗ ಗೋಡೆಯ ಮೇಲಿನ ಸರ್ಟಿಫಿಕೇಟ್ ನೋಡಲಿ, ತಪ್ಪಿಲ್ಲ. ಜತೆಗೆ ‘ಊಟದ ಡೈರಿ ಬರೆಸುತ್ತೀರಾ, ವಾರವಾರ ತೂಕ ನೋಡುತ್ತೀರಾ, ನಿಮ್ಮ ಸೆಷನ್ನುಗಳನ್ನು ಯಾರು ಕೇಳುತ್ತಾರೆ?’ ಎಂದೂ ಕೇಳಲಿ. ಮುಂದಿನ ಲೇಖನದಲ್ಲಿ ಈ ಪ್ರಶ್ನೆಗಳಿಗೆ ಒಂದು ಚೌಕಟ್ಟಿನಷ್ಟು ಜಾಗ ಕೊಡುತ್ತೀರಿ ಎಂದುಕೊಂಡಿದ್ದೇನೆ.

ಇಂತಿ,
ಮನಶ್ಶಾಸ್ತ್ರದ ತರಬೇತುದಾರಳು