ನಿರಾಕರಣೆಯನ್ನು ಒಪ್ಪಿಕೊಳ್ಳುವುದನ್ನೂ ಶಾಲೆ ಕಲಿಸಲಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,
ಮಹಾರಾಷ್ಟ್ರ ಸರ್ಕಾರ, ಮಂತ್ರಾಲಯ, ಮುಂಬಯಿ.

ಮಾನ್ಯರೇ,

ನಾನು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರ ಪ್ರೌಢ ತರಗತಿಗಳ ಶಿಕ್ಷಕಿ. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಇದನ್ನು ನನ್ನ ವಿದ್ಯಾರ್ಥಿಗಳ ತಂದೆತಾಯಿಯರೂ ಓದಬೇಕಾಗಿರುವುದರಿಂದ ಕನ್ನಡದಲ್ಲಿ ಎಲ್ಲರ ಮುಂದಿಡುತ್ತಿದ್ದೇನೆ. ಪ್ರೀತಿ, ಸ್ನೇಹ, ನಿರಾಕರಣೆ ಇವುಗಳ ಕುರಿತು ಎಂಟನೆಯ ತರಗತಿಯಿಂದಲೇ, ವೇಳಾಪಟ್ಟಿಯಲ್ಲಿ ನಮೂದಾದ ಅವಧಿಯಲ್ಲಿ, ಮಕ್ಕಳು ಕಲಿಯುವ ಭಾಷೆಯಲ್ಲಿ ಪಾಠ ನಡೆಯಬೇಕು ಎಂಬುದು ನನ್ನ ಕೋರಿಕೆ.

2023ರ ಜೂನ್‌ನಲ್ಲಿ ಪುಣೆಯ ಸದಾಶಿವ ಪೇಟೆಯಲ್ಲಿ ಕಾಲೇಜು ಯುವತಿಯೊಬ್ಬಳ ಮೇಲೆ ಪರಿಚಿತ ಯುವಕ ಕೊಯ್ತಾ, ಅಂದರೆ ಮಚ್ಚು, ಬೀಸಿದ. ಅಲ್ಲಿದ್ದ ಯುವಕರು ಅಡ್ಡ ಬಂದಿದ್ದರಿಂದ ಆಕೆ ಬದುಕಿದಳು. 2024ರ ಜೂನ್‌ನಲ್ಲಿ ವಸಾಯಿಯ ರಸ್ತೆಯಲ್ಲಿ ಹಾಡಹಗಲೇ ಯುವತಿಯೊಬ್ಬಳನ್ನು ಆಕೆಯ ಮಾಜಿ ಪ್ರಿಯಕರ ಸ್ಪ್ಯಾನರ್‌ನಿಂದ ಹೊಡೆದು ಕೊಂದಾಗ ಅಡ್ಡ ಬಂದವರು ಇರಲಿಲ್ಲವೆಂದೇ ಹೇಳಬೇಕು. ಮೊಬೈಲ್ ಹಿಡಿದು ನಿಂತವರಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಆರೋಪ ಬಂದದ್ದು ಹಳೆಯ ಸಹಪಾಠಿಯ ಮೇಲೆ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮವರ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ತಾವು ತಿಳಿಯಬೇಕು. ಹುಡುಗಿಯ ಕೈಯಿಂದ ಮೊಬೈಲ್ ಕಸಿಯುತ್ತಾರೆ. ಟ್ಯೂಷನ್ ನಿಲ್ಲುತ್ತದೆ. ಹತ್ತನೆಯ ತರಗತಿ ಮುಗಿದದ್ದೇ ಸಾಕು, ಜೂನಿಯರ್ ಕಾಲೇಜು ಬೇಡ, ಊರಿಗೆ ಕಳುಹಿಸಿ ಮದುವೆ ಮಾಡೋಣ ಎಂಬ ಮಾತು ಏಳುತ್ತದೆ. ಪಕ್ಕದಲ್ಲಿ ಕುಳಿತು ಅದೇ ಸುದ್ದಿ ನೋಡುತ್ತಿರುವ ಮಗನಿಗೆ ಯಾರೂ ಏನೂ ಹೇಳುವುದಿಲ್ಲ. ಒಬ್ಬಳು ಒಲ್ಲೆ ಎಂದರೆ ಅಲ್ಲಿಗೆ ನಿಲ್ಲಬೇಕು, ದುಃಖವಾದರೆ ಅಳಬಹುದು, ಅದರಿಂದ ಗಂಡಸುತನಕ್ಕೆ ಕುಂದಿಲ್ಲ ಎಂದು ಅವನಿಗೆ ಹೇಳುವವರು ಮನೆಯಲ್ಲೂ ಇಲ್ಲ, ಬೀದಿಯಲ್ಲೂ ಇಲ್ಲ. ತಿಂಗಳುಗಟ್ಟಲೆ ಹಿಂದೆ ಬಿದ್ದರೆ ಹುಡುಗಿ ಒಲಿಯುತ್ತಾಳೆ ಎಂಬುದನ್ನು ಮಾತ್ರ ಅವನು ಪರದೆಯ ಮೇಲೆ ಹಲವಾರು ಸಲ ನೋಡಿರುತ್ತಾನೆ. ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನ ಪ್ರಕಾರ ಅದು ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಮೊಬೈಲ್‌ನಲ್ಲಿ ಅವಳು ಏನು ಮಾಡುತ್ತಾಳೆಂದು ಕಣ್ಣಿಟ್ಟು ಕಾಯುವುದೂ ಅದರಲ್ಲಿ ಸೇರಿದೆ. ನನ್ನ ತರಗತಿಯ ಹುಡುಗರಿಗೆ ಇದು ತಿಳಿದಿರಲಿಲ್ಲ. ತಿಳಿಸಿದಾಗ ಅವರು ನಕ್ಕು ತಳ್ಳಿಹಾಕಲಿಲ್ಲ, ಪ್ರಶ್ನೆಗಳನ್ನು ಕೇಳಿದರು.

ಕೊಯ್ತಾ ಹಿಡಿಯುವ ಹಂತಕ್ಕೆ ಬಹಳ ಮೊದಲೇ ಎಲ್ಲವೂ ಶುರುವಾಗಿರುತ್ತದೆ. ಪಾಸ್‌ವರ್ಡ್ ಕೊಡು, ಎಲ್ಲಿದ್ದೀಯೆಂದು ಲೊಕೇಶನ್ ಕಳುಹಿಸು, ಅವನೊಡನೆ ಮಾತನಾಡಬೇಡ, ಆ ಬಟ್ಟೆ ಹಾಕಬೇಡ. ಒಪ್ಪದಿದ್ದರೆ ಕೈ ಕುಯ್ದುಕೊಳ್ಳುತ್ತೇನೆ ಎಂಬ ಬೆದರಿಕೆ. ಕೊನೆಗೆ, ಫೋಟೋಗಳನ್ನು ನಿನ್ನ ಅಪ್ಪನಿಗೆ ಕಳುಹಿಸುತ್ತೇನೆ ಎಂಬ ಮಾತು. ಮೊದಮೊದಲು ಇದನ್ನೆಲ್ಲ ಹುಡುಗಿಯರು ಕಾಳಜಿ ಎಂದೇ ಭಾವಿಸುತ್ತಾರೆ. ತನ್ನನ್ನು ಇಷ್ಟು ಹಚ್ಚಿಕೊಂಡವರು ಬೇರೆ ಯಾರೂ ಇಲ್ಲವೆಂದು ಗೆಳತಿಯರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹುಡುಗಿಯರ ಇಂಥದೇ ಒತ್ತಡಕ್ಕೆ ಸಿಕ್ಕಿ ನಲುಗಿದ ಹುಡುಗರನ್ನೂ ನಾನು ಕಂಡಿದ್ದೇನೆ. ಆ ಹಂತದಲ್ಲೇ ಇದು ಪ್ರೀತಿಯಲ್ಲ, ಹಿಡಿತ ಎಂದು ಗುರುತಿಸುವ ಕಣ್ಣು ಮಕ್ಕಳಿಗೆ ಬರಬೇಕು.

ಅವರು ನಮ್ಮ ಬಳಿ ಬಂದು ಹೇಳಿಕೊಳ್ಳಬಹುದಲ್ಲ ಎಂದು ತಾವು ಕೇಳಬಹುದು. ಹೇಳಿಕೊಳ್ಳಲು ಅಂಜುತ್ತಾರೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳು. ಲೈಂಗಿಕ ಅಪರಾಧ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಮು ಶಿಕ್ಷಕರನ್ನೂ ಸೇರಿಸಿ ಎಲ್ಲರಿಗೂ ವಿಧಿಸುತ್ತದೆ. ಆ ಕರ್ತವ್ಯ ಇರಲೇಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಾತು ಠಾಣೆಯವರೆಗೆ ಹೋಗುತ್ತದೆ, ಮನೆಯಲ್ಲಿ ಗೊತ್ತಾಗುತ್ತದೆ ಎಂಬ ಭಯದಿಂದ ಮಕ್ಕಳು ಬಾಯಿ ಬಿಡುವುದಿಲ್ಲ. ಆದ್ದರಿಂದಲೇ ಅಪರಾಧ ನಡೆಯುವುದಕ್ಕೆ ಮೊದಲು, ಇನ್ನೂ ಯಾರ ಮೇಲೂ ದೂರಿಲ್ಲದಿರುವಾಗ, ಇಡೀ ತರಗತಿಯೊಡನೆ ಮುಕ್ತವಾಗಿ ಮಾತನಾಡುವ ಪಾಠ ಬೇಕು.

ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತದ ಅಡಿಯಲ್ಲಿ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮದ ಹನ್ನೊಂದು ವಿಷಯಗಳಲ್ಲಿ ಪರಸ್ಪರ ಸಂಬಂಧಗಳು, ಲಿಂಗ ಸಮಾನತೆ, ಹಿಂಸೆಯಿಂದ ಸುರಕ್ಷತೆ, ಇಂಟರ್‌ನೆಟ್‌ನ ಸುರಕ್ಷಿತ ಬಳಕೆ ಎಲ್ಲವೂ ಇವೆ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕೆಂದೂ ಅದರಲ್ಲಿದೆ. ಅದಕ್ಕೂ ಮೊದಲೇ, 2008ರಲ್ಲಿ, ನಮ್ಮ ಮುಂಬಯಿಯ ಮಹಾನಗರಪಾಲಿಕೆ ಶಾಲೆಗಳಲ್ಲಿ ಆರು, ಏಳನೆಯ ತರಗತಿಯ ಹುಡುಗ ಹುಡುಗಿಯರೊಡನೆ ‘ಜೆಮ್ಸ್’ ಎಂಬ ಕಾರ್ಯಕ್ರಮ ಶುರುವಾಗಿತ್ತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಭಾಗಿಯಾಗಿತ್ತು. ಲಿಂಗ ಸಮಾನತೆ ಮತ್ತು ಹಿಂಸೆಯ ಬಗ್ಗೆ ಆ ವಯಸ್ಸಿನವರೊಡನೆ ಮಾತನಾಡಬಹುದು ಎಂಬುದನ್ನು ಈ ನಗರವೇ ತೋರಿಸಿಕೊಟ್ಟಿದೆ. ತಮ್ಮ ಇಲಾಖೆಯ 2022ರ ಆದೇಶದಂತೆ ಶಾಲೆಗಳಲ್ಲಿ ಮಕ್ಕಳ ಸುರಕ್ಷತೆಗಾಗಿ ‘ಸಖಿ ಸಾವಿತ್ರಿ’ ಸಮಿತಿ ಇರಬೇಕು. 2024ರಲ್ಲಿ ಬದಲಾಪುರದ ಶಾಲೆಯೊಂದರಲ್ಲಿ ಪುಟ್ಟ ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯದ ಘಟನೆ ನಡೆದ ಮೇಲೆ ಎಷ್ಟು ಕಡೆ ಈ ಸಮಿತಿ ಕಾಗದದ ಮೇಲೆ ಮಾತ್ರ ಇದೆ ಎಂಬ ಪ್ರಶ್ನೆ ಎದ್ದದ್ದು ತಮಗೆ ಗೊತ್ತೇ ಇದೆ.

ಸಂಸ್ಕೃತಿಗೆ ಧಕ್ಕೆ ಎಂಬ ಆಕ್ಷೇಪ ಬರುತ್ತದೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಮಹಾರಾಷ್ಟ್ರವೂ ಕರ್ನಾಟಕವೂ ತಡೆ ಹಾಕಿದ್ದು ಇದೇ ಕಾರಣಕ್ಕೆ. ಮಕ್ಕಳ ಕೈಗೆ ಮೊಬೈಲ್ ಬಂದ ಮೇಲೆ ಆ ಆಕ್ಷೇಪಕ್ಕೆ ಅರ್ಥ ಉಳಿದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಸಮ್ಮತಿ ಮತ್ತು ಆರೋಗ್ಯಕರ ಸಂಬಂಧಗಳನ್ನು ಕಲಿಸುವ ಸಮಗ್ರ ಲೈಂಗಿಕ ಶಿಕ್ಷಣ ಅಗತ್ಯವೆಂದು ಹೇಳಿದೆ.

ತಮ್ಮಿಂದ ಆಗಬೇಕಾದ್ದು ಇಷ್ಟು. ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಮುದ್ರಿಸುತ್ತಿದೆ. ಈ ಪಾಠದ ಕೈಪಿಡಿಯನ್ನೂ ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡ, ಉರ್ದು, ಗುಜರಾತಿ, ತೆಲುಗಿನಲ್ಲಿ ತರಲಿ. ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳಿಗೆ ಇಂಗ್ಲಿಷ್ ಕರಪತ್ರ ಹಂಚಿ ಕರ್ತವ್ಯ ಮುಗಿಯಿತೆಂದು ಯಾರೂ ಬಗೆಯಬಾರದು. ಹುಡುಗರನ್ನು ಹೊರಗೆ ಕಳುಹಿಸಿ ಹುಡುಗಿಯರಿಗೆ ಮಾತ್ರ ಉಪನ್ಯಾಸ ಕೊಡುವ ಪದ್ಧತಿ ನಿಲ್ಲಲಿ. ಪಾಲಕರ ಸಭೆಯಲ್ಲಿಯೂ ಒಮ್ಮೆ ಇದೇ ಮಾತು ನಡೆಯಲಿ. ಪಠ್ಯಪುಸ್ತಕದ ಹಿಂಬದಿಯಲ್ಲಿ ಮಕ್ಕಳ ಸಹಾಯವಾಣಿ 1098, ಮಹಿಳೆಯರ 181, ಸೈಬರ್ ಅಪರಾಧದ 1930 ಸಂಖ್ಯೆಗಳು ದೊಡ್ಡ ಅಕ್ಷರದಲ್ಲಿ ಇರಲಿ.

ಜೂನ್‌ನಲ್ಲಿ ಶಾಲೆಗಳು ಮರಳಿ ತೆರೆಯುವ ಮುನ್ನ ಈ ಕುರಿತ ಸುತ್ತೋಲೆಯನ್ನು ನಿರೀಕ್ಷಿಸುತ್ತೇನೆ. ಕೈಪಿಡಿಯ ಕನ್ನಡ ಕೆಲಸಕ್ಕೆ ಶಿಕ್ಷಕರು ಬೇಕಾದರೆ ನಾನು ಸಿದ್ಧಳಿದ್ದೇನೆ.

ಗೌರವಗಳೊಂದಿಗೆ,
ಕನ್ನಡ ಮಾಧ್ಯಮದ ಒಬ್ಬ ಶಿಕ್ಷಕಿ
ಮುಂಬಯಿ